ಬಾಣವಿಲ್ಲದ ವೃತ್ತ

ನನ್ನ ಹೆಂಡತಿ ಸತ್ತ ಮೇಲೆ ಅವಳ ಕೆಲಸ ಮಾಡಲು ಮೂರು ಸಾಫ್ಟ್‌ವೇರ್‌ಗಳು ಬಂದವು. ಅವುಗಳಲ್ಲಿ ಯಾವುದು ಅವಳ ಕುರ್ಚಿಗೆ ತಕ್ಕದ್ದು ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೈಲಹೊಂಗಲದ ಆ ವರ್ಕ್‌ಶಾಪಿನಲ್ಲಿ ನಾನು ಪ್ಯಾನಲ್ ಕಟ್ಟುವವನು, ಅವಳು ಅದಕ್ಕೆ ಪ್ರೋಗ್ರಾಮ್ ಬರೆಯುವವಳು. ನಾನು ತಂತಿ ಎಳೆದು ಸ್ಕ್ರೂ ಬಿಗಿದು ಕೊಟ್ಟ ಕಬ್ಬಿಣದ ಪೆಟ್ಟಿಗೆಗೆ, ಪಂಪನ್ನು ಯಾವಾಗ ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆ ತುಂಬುತ್ತಿದ್ದವಳು ಅವಳು.

"ಆಕಿ ಬರದದ್ದು ನಿನ್ನ ಬಿಟ್ಟು ಯಾರಿಗಿ ತಿಳಿತೈತಿ?" ಎಂದರು ಮಾಲೀಕರು. "ಮೂರೂ ಹಚ್ಚಿ ನೋಡು. ಆಕಿ ಮಾಡಿದ್ದರ ಬಾಜೂಕ ಇಟ್ಟು ನೋಡು. ಮತ್ತ ಆ ಹೊಳಿದಂಡಿ ಊರಿನ ಪಂಪ್ ಯಾಕ ನಿಲ್ಲತಿತ್ತು ಅಂಬೂದಕ್ಕ ಒಂದ ಸಾಲಿನ ಕಾರಣಾ ಬರದು ಕೊಡು. ಗುತ್ತಿಗಿದಾರ ಜೀವಾ ತಿನ್ನಾಕ ಹತ್ಯಾನ."

ಆ ಒಂದು ಸಾಲು ನನ್ನ ಎದೆಯಲ್ಲಿ ಕೂತಿತು. ಯಾವ ಸಾಫ್ಟ್‌ವೇರ್ ಬಂದರೂ ನನಗೆ ಅಷ್ಟೇ. ಆದರೆ ಆ ಸಾಲಿನಲ್ಲಿ ತಪ್ಪೆಲ್ಲ ಅವಳದೇ ಎಂದು ಬರೆಯುತ್ತಾರೋ ಇಲ್ಲವೋ ಎಂಬುದು ಅಷ್ಟೇ ಆಗಿರಲಿಲ್ಲ. ಬದುಕಿದ್ದವರ ಮೇಲೆ ತಪ್ಪು ಹೊರಿಸಿದರೆ ಅವರು ಜಗಳಕ್ಕೆ ನಿಲ್ಲುತ್ತಾರೆ. ಸತ್ತವರ ಮೇಲೆ ಹೊರಿಸಿದರೆ ಎಲ್ಲರ ಕೆಲಸವೂ ಸಲೀಸು.

ಅವಳು ಕಿತ್ತೂರಿನವಳು, ಡಿಪ್ಲೊಮಾ ಓದಿದವಳು. ನಾನು ನೇಸರಗಿಯವನು, ಐಟಿಐ. ನಮ್ಮ ಮದುವೆ ವರ್ಕ್‌ಶಾಪಿನಲ್ಲೇ ಕುದುರಿತು ಎಂದು ಜನ ತಮಾಷೆ ಮಾಡುತ್ತಿದ್ದರು. ಅದು ಸುಳ್ಳು. ಮದುವೆಯಾದ ಮೇಲೆ ಅವಳನ್ನು ಅಲ್ಲಿಗೆ ಕರೆತಂದವನು ನಾನೇ.

ಅವಳು ಪ್ರೋಗ್ರಾಮ್ ಬರೆಯುವ ಮೊದಲು ಚಿತ್ರ ಬರೆಯುತ್ತಿದ್ದಳು. ಪಂಪ್ ಯಾವ ಯಾವ ಸ್ಥಿತಿಯಲ್ಲಿ ಇರಬಹುದೋ ಅಷ್ಟು ವೃತ್ತಗಳು. ಒಂದು ವೃತ್ತದಲ್ಲಿ 'ನಿಂತಿದೆ', ಇನ್ನೊಂದರಲ್ಲಿ 'ಗುಂಡಿ ಒತ್ತಲಿ ಎಂದು ಕಾಯುತ್ತಿದೆ', ಮತ್ತೊಂದರಲ್ಲಿ 'ಓಡುತ್ತಿದೆ', ಆಮೇಲೆ 'ಟಾಕಿ ತುಂಬಿದೆ'. ಒಂದರಿಂದ ಇನ್ನೊಂದಕ್ಕೆ ಬಾಣ. ಬಾಣದ ಮೇಲೆ, ಏನಾದರೆ ಆ ಕಡೆ ಹೋಗಬೇಕು ಎಂಬ ಮಾತು. ಯಂತ್ರ ಯಾವಾಗಲೂ ಯಾವುದಾದರೂ ಒಂದು ವೃತ್ತದಲ್ಲಿ ಇರುತ್ತದೆ, ಬಾಣ ಇದ್ದರೆ ಮಾತ್ರ ಅಲ್ಲಿಂದ ಹೊರಗೆ ಬರುತ್ತದೆ. ಇಷ್ಟೇ ಅವಳ ವಿದ್ಯೆ. ಈ ಚಿತ್ರವನ್ನು ಅವಳು ಪ್ಯಾನಲ್ಲಿನ ಬಾಗಿಲ ಒಳಬದಿಗೆ ಮಾರ್ಕರಿನಲ್ಲಿ, ಕನ್ನಡದಲ್ಲಿ ಬರೆದು ಕಳಿಸುತ್ತಿದ್ದಳು. ಊರಿನ ಪಂಪ್ ಮನೆಯಲ್ಲಿ ನೀರು ಬಿಡುವವನು ಬಾಗಿಲು ತೆಗೆದರೆ ತನ್ನ ಯಂತ್ರ ಈಗ ಎಲ್ಲಿದೆ ಎಂದು ನೋಡಿಕೊಳ್ಳಬಹುದು. ಸವದತ್ತಿ, ರಾಮದುರ್ಗದ ಕಡೆಯ ಎಷ್ಟೋ ಪಂಪ್ ಮನೆಗಳಲ್ಲಿ ಅವಳ ಅಕ್ಷರ ಹಾಗೆ ಬಾಗಿಲ ಒಳಗೆ ಇತ್ತು.

ಚಿತ್ರದಲ್ಲಿ ಇಲ್ಲದ ಒಂದು ಸಂಗತಿಯೂ ಅವಳ ಪ್ರೋಗ್ರಾಮಿನಲ್ಲಿ ಇತ್ತು. ಅದು ಬೆಂಕಿಕಡ್ಡಿಯದು. ನಮ್ಮ ಕಡೆ ಕರೆಂಟ್ ಬರುವ ಹೊತ್ತಿಗೆ ನೇಮವಿಲ್ಲ. ಬಂದ ಹೊಸದರಲ್ಲಿ ಒಮ್ಮೊಮ್ಮೆ ಮೂರು ಫೇಸಿನ ಬದಲು ಎರಡೇ ಇರುತ್ತವೆ, ಆಗ ಮೋಟರ್ ಹಚ್ಚಿದರೆ ಸುಟ್ಟುಹೋಗುತ್ತದೆ. ಅಗ್ಗದ ಪ್ಯಾನಲ್ಲಿಗೆ ಅದನ್ನು ತಾನೇ ಅಳೆದು ತಡೆಯುವ ಸಾಧನ ಇರುವುದಿಲ್ಲ. ಮನುಷ್ಯನೇ ಮೀಟರಿನ ಮುಳ್ಳು ನೋಡಿ, ಅದು ನಿಂತಿದೆ ಎಂದ ಮೇಲೆ ಗುಂಡಿ ಒತ್ತಬೇಕು. ಆದರೆ ನೀರು ಬಿಡುವವನಿಗೂ ಹೊಲ ಮನೆ ಇದೆ. ಅವನು ಗುಂಡಿಯನ್ನು ಒತ್ತಿ, ಅದು ಮೇಲೇಳದಂತೆ ಸಂದಿಯಲ್ಲಿ ಒಂದು ಬೆಂಕಿಕಡ್ಡಿ ಸಿಗಿಸಿ ಹೋಗುತ್ತಾನೆ. ಕರೆಂಟ್ ಬಂದಾಗ ಪಂಪ್ ತಾನೇ ಓಡಲಿ ಎಂದು. ಇದು ಒಂದು ಊರಿನ ಮಾತಲ್ಲ. ನಾನು ರಿಪೇರಿಗೆ ಹೋದ ಕಡೆಯೆಲ್ಲ ಕಡ್ಡಿ ನೋಡಿದ್ದೇನೆ.

ಅವಳು ಇದನ್ನು ಕಂಡು ಬಂದವಳು ಪ್ರೋಗ್ರಾಮಿನಲ್ಲಿ ಒಂದು ಕಾವಲು ಹಾಕಿದಳು. ಕರೆಂಟ್ ಬಂದ ಗಳಿಗೆಯಲ್ಲೇ ಗುಂಡಿ ಒತ್ತಿದ್ದರೆ ಅದು ಬೆರಳಲ್ಲ, ಕಡ್ಡಿ. ಗುಂಡಿ ಒಮ್ಮೆ ಮೇಲೆದ್ದು ಮತ್ತೆ ಒತ್ತುವ ತನಕ ಕಾಯಬೇಕು. ಇದನ್ನೂ ಬಾಗಿಲ ಮೇಲೆ ಬರೆ ಎಂದು ನಾನು ಹೇಳಿದ್ದೆ.

"ಬ್ಯಾಡ," ಎಂದಿದ್ದಳು. "ಬಾಗಲ ಮ್ಯಾಲ ಬರದ್ರ ಅವ್ರಿಗಿ ಬೈದಂಗ ಆಗತೈತಿ. ನಾ ಒಳಗಿಂದೊಳಗ ನೋಡ್ಕೋತೇನಿ ಬಿಡು."

ಹೊಳೆದಂಡೆಯ ಆ ಊರು ಮನೋಳಿಯಿಂದ ಆಚೆ. ಮಲಪ್ರಭೆಯ ನೀರೆತ್ತಿ ಊರ ಟಾಕಿಗೆ ತುಂಬುವ ಕುಡಿಯುವ ನೀರಿನ ಪಂಪ್ ಅದು. ಪ್ಯಾನಲ್ ಇಟ್ಟ ಮೇಲೆ ಚೆನ್ನಾಗಿಯೇ ಓಡಿತು. ಬೇಸಿಗೆ ಬಂದ ಮೇಲೆ ಫೋನ್ ಶುರುವಾದವು. ಅಲ್ಲಿ ನೀರು ಬಿಡುವವನು ಉದ್ದ ಗಡ್ಡದ, ಬಾಯಿ ಜೋರಿನ ಮನುಷ್ಯ. ಮುಂಚೆ ಟ್ರಕ್ ಓಡಿಸಿದವನು.

"ಅಕ್ಕಾರ, ಸಲಾಮ್. ನಿಮ್ಮ ಪೆಟಗಿ ಮತ್ತ ಮಕ್ಕೊಂಡೈತ್ರಿ."

"ಏನಂತೈತಿ?"

"ಟಾಕಿ ತುಂಬೈತಿ ಅಂತ ದೀಪಾ ಹಚಗೊಂಡು ಕುಂತೈತಿ. ಟಾಕ್ಯಾಗ ಕಾಗಿ ಕಾಲ ತೊಯ್ಯೂವಷ್ಟ ನೀರಿಲ್ಲ. ಗುಂಡಿ ಒತ್ತಿದ್ರ ಕೇಳೂದಿಲ್ಲ. ಹೆಂಗಸರು ಕೊಡಾ ಹಿಡಕೊಂಡು ನನ್ನ ಮನಿ ಮುಂದ ನಿಂತಾರ. ನಾ ಹಿತ್ತಲ ಬಾಗಲಿಂದ ಹೊರಗ ಬಿದ್ದೇನಿ."

ಅವಳು ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಹಾಕಿಕೊಂಡು ಮನೋಳಿ ಬಸ್ ಹತ್ತುತ್ತಿದ್ದಳು. ಅಲ್ಲಿಂದ ಮುಂದೆ ಟಂಟಂ ಆಟೋ. ಪಂಪ್ ಮನೆ ಮುಟ್ಟಿ, ಟಾಕಿಯಲ್ಲಿ ನೀರಿನ ಜೊತೆ ಏರಿ ಇಳಿಯುವ ಸ್ವಿಚ್ಚು, ಫ್ಲೋಟ್, ಅದರಿಂದ ಬಂದ ತಂತಿ ಬಿಚ್ಚಿ, ನೋಡಿ, ಮತ್ತೆ ಕೂಡಿಸುತ್ತಿದ್ದಳು. ಕೂಡಿಸಿದ ಕೂಡಲೇ ಪಂಪ್ ಓಡುತ್ತಿತ್ತು. ಎಷ್ಟು ಸಲ ಬಿಚ್ಚಿ ಕೂಡಿಸಿದರೂ ಸರಿಯಾಗಿ ಓಡುತ್ತಿತ್ತು. ಸುತ್ತ ನಿಂತ ಗಂಡಸರಿಗೆ ಅದೊಂದು ಮನರಂಜನೆ.

"ಹೆಣ್ಮಗಳ ಕೈಯಾಗ ಮೋಟರ ಕೊಟ್ರ ಇನ್ನೇನ ಆಗತೈತ್ರಿ," ಎಂದು ಒಬ್ಬ ಹಿರಿಯ ಕಟ್ಟೆಯ ಮೇಲಿಂದ ಹೇಳಿದನಂತೆ.

"ನೀರ ಹೊರೂದು ನಾವ ಅಲ್ರಿ, ಯಜಮಾನ್ರ?" ಎಂದಳಂತೆ ಇವಳು. "ಬಿಡೂದೂ ನಾವ ಬಿಡ್ತೇವಿ. ನೀವು ಕುಡೀರಿ, ಸಾಕು."

ಮನೆಗೆ ಬಂದು ಇದನ್ನು ಹೇಳಿ ನಕ್ಕಳು. ನಗುವಾಗ ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಳು. ಆಗ ಹೊಟ್ಟೆನೋವು ಶುರುವಾಗಿತ್ತು. ಬಸ್ಸಿನ ಕುಲುಕಾಟಕ್ಕೆ ಎಂದಳು. ಬಸ್ ಸ್ಟ್ಯಾಂಡಿನ ಮಿರ್ಚಿಗೆ ಎಂದಳು. ದವಾಖಾನೆಗೆ ಹೋಗೋಣ ನಡೆ ಎಂದರೆ, ಇದೊಂದು ಪಂಪಿನ ತಪ್ಪು ಸಿಗಲಿ, ಆಮೇಲೆ ನಾಲ್ಕು ದಿನ ಸೂಟಿ ಹಾಕಿ ಹೋಗೋಣ ಎಂದಳು.

ತಪ್ಪು ಸಿಗಲಿಲ್ಲ. ಅವಳು ಹೋದಾಗಲೆಲ್ಲ ಯಂತ್ರ ಒಳ್ಳೆಯ ಮಗುವಿನ ಹಾಗೆ ನಡೆದುಕೊಳ್ಳುತ್ತಿತ್ತು, ಬಂದ ಮೇಲೆ ಮತ್ತೆ ಮಲಗುತ್ತಿತ್ತು. ಪ್ಯಾನಲ್ಲಿನೊಳಗೆ ಪ್ರೋಗ್ರಾಮ್ ಓಡಿಸುವ ಕಂಟ್ರೋಲರ್ ಇರುತ್ತದಲ್ಲ, ಅಂಥದೇ ಒಂದನ್ನು ವರ್ಕ್‌ಶಾಪಿನಲ್ಲಿ ತನ್ನ ಮೇಜಿನ ಮೇಲೆ ಇಟ್ಟುಕೊಳ್ಳಲು ಕೊಡಿ ಎಂದು ಮಾಲೀಕರನ್ನು ಕೇಳಿದಳು. ಅದನ್ನು ಹಗಲೆಲ್ಲ ಓಡಿಸಿ, ಕರೆಂಟ್ ತೆಗೆದು ಹಾಕಿ, ಅದು ಯಾವಾಗ ಸಿಕ್ಕಿಕೊಳ್ಳುತ್ತದೆ ಎಂದು ಕಾಯಬೇಕಿತ್ತು ಅವಳಿಗೆ.

"ಬಂದ ಮಾಲೆಲ್ಲಾ ಪ್ಯಾನಲ್ಲಿಗಿ ಹೋಗತೈತಿ, ತಂಗಿ," ಎಂದರು ಅವರು. "ಆಟಾ ಆಡಾಕ ಎಲ್ಲಿಂದ ತರ್ಲಿ?"

ಅವಳು ಮತ್ತೆ ಮನೋಳಿ ಬಸ್ ಹತ್ತಿದಳು. ಕೊನೆಗೆ ಕಣ್ಣು ಹಳದಿಯಾದ ಮೇಲೆ ಬೆಳಗಾವಿಗೆ ಕರೆದೊಯ್ದೆ. ಪಿತ್ತಕೋಶದಲ್ಲಿ ಗಡ್ಡೆ, ಹರಡಿದೆ, ಮುಂಚೆ ಬಂದಿದ್ದರೆ ಎಂದರು. ಮುಂಚೆ ಬಂದಿದ್ದರೆ ಎಂಬ ಮಾತನ್ನು ಡಾಕ್ಟರರು ಯಾಕೆ ಹೇಳುತ್ತಾರೋ ನನಗೆ ತಿಳಿಯದು. ಅದನ್ನು ಕೇಳಿಸಿಕೊಂಡು ಮಾಡುವುದು ಏನೂ ಇರುವುದಿಲ್ಲ. ಹಾಸಿಗೆಯಲ್ಲಿ ಮಲಗಿಯೂ ಅವಳು ಫ್ಲೋಟಿನ ವಿಷಯ ಕೇಳುತ್ತಿದ್ದಳು. ಮಳೆಗಾಲ ಹಿಡಿದ ಮೇಲೆ ಪಂಪ್ ನಿಲ್ಲುವುದು ಕಡಿಮೆಯಾಗಿತ್ತು. ತಾನಾಗಿಯೇ ಸರಿಹೋಯಿತು ನೋಡು ಎಂದೆ. ತಾನಾಗಿ ಯಾವುದೂ ಸರಿಹೋಗುವುದಿಲ್ಲ ಎಂದಳು. ಹಬ್ಬಕ್ಕೆ ಮುಂಚೆ ಹೋದಳು.

ಈಗ ಸಾಫ್ಟ್‌ವೇರ್ ನೋಡುವ ಕೆಲಸಕ್ಕೆ ಮಾಲೀಕರು ನನಗೆ ಬೇರೆಯೇ ಮೇಜು ಕೊಟ್ಟರು. ಕಂಟ್ರೋಲರ್ ಎಷ್ಟು ಬೇಕಾದರೂ ತೆಗೆದುಕೋ ಎಂದರು. ನಾನು ಒಂದು ಹಲಗೆಯ ಮೇಲೆ ಪಂಪಿನ ಬದಲು ಬಲ್ಬ್, ಫ್ಲೋಟಿನ ಬದಲು ಸ್ವಿಚ್, ಹಸಿರು ಗುಂಡಿ ಒಂದು, ಕರೆಂಟ್ ತೆಗೆಯಲು ಹಾಕಲು ಇನ್ನೊಂದು ಸ್ವಿಚ್ ಕೂಡಿಸಿದೆ. ಅವಳು ಬೇಡಿದ್ದು ಇಷ್ಟೇ.

ಈ ಸಾಫ್ಟ್‌ವೇರ್‌ಗಳು ಮಾಡುವ ಕೆಲಸ ಕೇಳಲು ಸರಳ. ವೃತ್ತ, ಬಾಣಗಳ ಚಿತ್ರವನ್ನು ಪರದೆಯ ಮೇಲೆ ಬರೆದು ಕೊಟ್ಟರೆ, ಪ್ರೋಗ್ರಾಮನ್ನು ಅವೇ ಬರೆದು ಕೊಡುತ್ತವೆ. ನಾನು ಹೊಳೆದಂಡೆಯ ಪಂಪಿನ ಬಾಗಿಲ ಮೇಲಿದ್ದ ಅವಳ ಚಿತ್ರದ ಫೋಟೊ ನೋಡಿಕೊಂಡು ಅದನ್ನೇ ಮೂರಕ್ಕೂ ಕೊಟ್ಟೆ.

ಮೊದಲನೆಯದು ಬರೆದ ಪ್ರೋಗ್ರಾಮ್ ಎಷ್ಟು ಉದ್ದವಾಯಿತೆಂದರೆ ನಮ್ಮ ಸಣ್ಣ ಕಂಟ್ರೋಲರಿನ ಹೊಟ್ಟೆಗೆ ಹಿಡಿಯಲೇ ಇಲ್ಲ. ಎರಡನೆಯದು ಚಿಕ್ಕದಾಗಿ, ಚೊಕ್ಕವಾಗಿ ಬರೆಯಿತು. ಆದರೆ ಎರಡು ಸಂಗತಿ ಒಟ್ಟಿಗೇ ಆದಾಗ, ನಾನು ಯಾವ ಬಾಣವನ್ನು ಮೊದಲು ಎಳೆದಿದ್ದೆನೋ ಆ ಕಡೆ ಹೋಗುತ್ತಿತ್ತು. ಅದೇ ಚಿತ್ರವನ್ನು ಅಳಿಸಿ, ಬಾಣಗಳನ್ನು ಹಿಂದೆ ಮುಂದೆ ಮಾಡಿ ಎಳೆದರೆ ಪಂಪಿನ ನಡತೆಯೇ ಬೇರೆ. ಇವೆರಡನ್ನು ತಳ್ಳಿಹಾಕುವಾಗ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ.

ಮೂರನೆಯದನ್ನು ತೋರಿಸಲು ಹುಬ್ಬಳ್ಳಿಯಿಂದ ಮಾರಾಟದವನೊಬ್ಬ ಬಂದ. ಸಭ್ಯ ಮನುಷ್ಯ. ಚಹಾ ತರಿಸಿದೆ. ಅವನು ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು ಕುಡಿಯುತ್ತಿದ್ದ ಹಾಗೆ ಪರದೆಯ ಮೇಲೆ ಒಂದು ವೃತ್ತ ಕೆಂಪಗಾಯಿತು. 'ಟಾಕಿ ತುಂಬಿದೆ' ಎಂಬ ವೃತ್ತ.

"ಇದು ಯಾಕ ಕೆಂಪಾತು?" ಎಂದೆ.

"ಬರಿಯೂಕಿಂತ ಮದಲ ಕೇಳ್ತದ ಸರ್ ಇದು. ಈ ವೃತ್ತದಾಗ ಇದ್ದಾಗ ಕರೆಂಟ್ ಹೋತು. ಕರೆಂಟ್ ಇಲ್ಲದಾಗನ ಟಾಕಿ ಖಾಲಿ ಆತು. ಆಮ್ಯಾಲೆ ಕರೆಂಟ್ ಬಂತು. ಈಗ ಎಲ್ಲಿಗೆ ಹೋಗ್ಬೇಕು? ಬಾಣ ಇಲ್ಲ."

ನಾನು ಹಲಗೆಯ ಮೇಲೆ ಅವಳ ಪ್ರೋಗ್ರಾಮನ್ನೇ ಹಾಕಿ ಹಾಗೇ ಮಾಡಿದೆ. ಟಾಕಿ ತುಂಬಿಸಿದೆ. ಕರೆಂಟ್ ತೆಗೆದೆ. ಫ್ಲೋಟ್ ಇಳಿಸಿದೆ. ಕರೆಂಟ್ ಕೊಟ್ಟೆ. 'ಟಾಕಿ ತುಂಬಿದೆ' ದೀಪ ಹತ್ತಿತು. ಗುಂಡಿ ಒತ್ತಿದೆ. ಕೇಳಲಿಲ್ಲ. ಹೊಳೆದಂಡೆಯ ಪಂಪ್ ನನ್ನ ಮುಂದೆ ಮಲಗಿತ್ತು.

ಫ್ಲೋಟ್ ಇಳಿಯುವ ಆ ಗಳಿಗೆಯನ್ನು ನೋಡಿ ಪಂಪ್ ಹಚ್ಚು ಎಂದು ಅವಳು ಬರೆದಿದ್ದಳು. ಕರೆಂಟ್ ಇಲ್ಲದಾಗ ಇಳಿದರೆ ಆ ಗಳಿಗೆಯನ್ನು ನೋಡುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಟಾಕಿ ಬೇಗ ಖಾಲಿಯಾಗುತ್ತದೆ, ಕರೆಂಟ್ ತಡವಾಗಿ ಬರುತ್ತದೆ. ಅವಳು ಹೋಗಿ ತಂತಿ ಬಿಚ್ಚಿ ಕೂಡಿಸಿದಾಗ ಯಂತ್ರಕ್ಕೆ ಅದೇ ಫ್ಲೋಟ್ ಇಳಿದ ಗಳಿಗೆಯಾಗಿ ಕಾಣುತ್ತಿತ್ತು. ತಪ್ಪು ಹುಡುಕಲು ಅವಳು ಕೈ ಹಾಕಿದ ಕೂಡಲೇ ತಪ್ಪು ಮಾಯವಾಗುತ್ತಿತ್ತು. ಟಾಕಿ ತುಂಬಿದ್ದನ್ನು ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುವ ಹಾಗೆ ಅವಳು ಮಾಡಿದ್ದೂ ನೀರು ಬಿಡುವವನ ಸಲುವಾಗಿ. ಟಾಕಿ ತುಂಬಿದ್ದಾಗ ಕರೆಂಟ್ ಹೋಗಿ ಬಂದರೂ ನಾನು ಓಡಿ ಬಂದು ಗುಂಡಿ ಒತ್ತಬೇಕೇನು ಎಂದು ಅವನು ಕೇಳಿದ್ದ.

ಮಾರಾಟದವನ ಬಸಿಯಲ್ಲಿ ಚಹಾ ಇನ್ನೂ ಇತ್ತು. ಅವಳು ಪಕ್ಕೆ ಹಿಡಿದುಕೊಂಡು ಬಸ್ಸಿನಲ್ಲಿ ಓಡಾಡಿದ ಆ ಬೇಸಿಗೆ ಪೂರ್ತಿ ಆ ಬಸಿಯಷ್ಟು ಚಹಾದಲ್ಲಿ ಮುಗಿದುಹೋಯಿತು. ಒಳ್ಳೆಯ ಸಾಧನ ಅದು. ಅದನ್ನು ಒಡೆದು ಹಾಕಬೇಕೆನಿಸಿತು.

ಆಮೇಲೆ ನಾನು ಹಸಿರು ಗುಂಡಿಗೆ ಕಡ್ಡಿ ಸಿಗಿಸಿದೆ. ಮೂರೂ ಸಾಫ್ಟ್‌ವೇರ್ ಬರೆದ ಪ್ರೋಗ್ರಾಮ್ ಒಂದೊಂದಾಗಿ ನೋಡಿದೆ. ಮೊದಲನೆಯದಕ್ಕೆ ದೊಡ್ಡ ಕಂಟ್ರೋಲರ್ ತಂದು ಹಾಕಿದೆ. ಕರೆಂಟ್ ಕೊಟ್ಟ ಕೂಡಲೇ ಮೂರರಲ್ಲೂ ಬಲ್ಬ್ ಹತ್ತಿತು. ಅಂದರೆ ಮೋಟರ್ ಸುಟ್ಟಿತು. ಅವಳದು ಮಾತ್ರ ಕಾಯುತ್ತ ನಿಂತಿತು.

ನೋಡಿದಿರಾ ಎಂಬ ಹಾಗೆ ನಾನು ಮಾರಾಟದವನ ಮುಖ ನೋಡಿದೆ. ಅವನು ಕಡ್ಡಿಯ ಕತೆ ಕೇಳಿ ನಕ್ಕ. "ಭಾರಿ ಮಂದಿ ಸರ್ ನಿಮ್ಮವ್ರು. ಆದ್ರ ಚಿತ್ರದಾಗ ಕಡ್ಡಿ ಇಲ್ಲಲ್ಲ? ನೀವು ಬರದದ್ದನ್ನ ಇದು ಮಾಡ್ತದ. ಬರೀದೆ ಇದ್ದದ್ದನ್ನ ದೇವ್ರೂ ಮಾಡಂಗಿಲ್ಲ. ಒಂದು ವೃತ್ತ ಬರದು ಕೊಡ್ರಿ, ಅದನ್ನೂ ಮಾಡ್ತದ."

ಅವನ ಮಾತು ಸರಿ. ಅದೂ ಸರಿಯಾಗಿತ್ತು ಎಂಬುದೇ ನನಗೆ ಹೆಚ್ಚು ಸಿಟ್ಟು ತಂದಿತು.

ವರದಿಯಲ್ಲಿ ನಾನು ಎರಡೂ ಬರೆದೆ. ಮೂರನೆಯ ಸಾಧನ ಒಳ್ಳೆಯದು, ಅದನ್ನೇ ಕೊಳ್ಳಬಹುದು. ಪಂಪ್ ನಿಂತದ್ದಕ್ಕೆ ಕಾರಣ ಹಳೆಯ ಪ್ರೋಗ್ರಾಮಿನಲ್ಲಿ ಒಂದು ಬಾಣ ಇಲ್ಲದ್ದು. ಅದನ್ನು ಹುಡುಕಲು ಬರೆದವರು ಒಂದು ಕಂಟ್ರೋಲರ್ ಕೇಳಿದ್ದರು, ಕೊಟ್ಟಿರಲಿಲ್ಲ. ಅದೇ ಹಳೆಯ ಪ್ರೋಗ್ರಾಮ್ ಇದ್ದುದರಿಂದಲೇ ಕಡ್ಡಿ ಸಿಗಿಸಿದರೂ ಆ ಊರಿನ ಮೋಟರ್ ಒಮ್ಮೆಯೂ ಸುಟ್ಟಿಲ್ಲ. ಬಾಗಿಲ ಚಿತ್ರದಿಂದ ಹೊಸ ಸಾಧನಗಳು ಬರೆದುಕೊಟ್ಟದ್ದರಲ್ಲಿ ಈ ಕಾವಲು ಇಲ್ಲ, ಅದನ್ನು ಬೇರೆಯಾಗಿ ಬರೆದು ಕೊಡಬೇಕು.

ಮಾಲೀಕರು ಓದಿದರು. "ಇದಿಷ್ಟೆಲ್ಲಾ ಯಾಕೋ ಮಾರಾಯಾ?"

"ಎಲ್ಲಾ ಖರೇನ ಐತ್ರಿ."

"ಖರೇ ಭಾಳ ಇರತಾವ. ಅವ್ರು ಕೇಳಿದ್ದು ಒಂದ."

"ಒಂದ ಬರದ್ರ ಆಕಿ ಮ್ಯಾಲ ಅಷ್ಟ ಬರತೈತ್ರಿ."

ಅವರು ಕನ್ನಡಕ ತೆಗೆದರು. ದನಿ ಮೆತ್ತಗಾಯಿತು. ಅವರು ಕೆಟ್ಟವರಲ್ಲ. ಅವಳ ಮಣ್ಣಿಗೆ ಬಂದಿದ್ದರು, ಅತ್ತಿದ್ದರು. "ಆಕೀಗಿ ಈಗೇನ ಆಗೂದೈತಿ? ನನಗ ಮುಂದಿನ ಕೆಲಸಾ ಬರಬೇಕು. ನಿನಗ ಪಗಾರ ಆಗಬೇಕು. ಹೌದೋ ಅಲ್ಲೋ?"

ಕೊನೆಗೆ ಮಾಲೀಕರು ಗುತ್ತಿಗೆದಾರನಿಗೆ ಕಳಿಸಿದ ಸಾಲು ಇದು: ಹಳೆಯ ಪ್ರೋಗ್ರಾಮ್ ಕೈಯಿಂದ ಬರೆದದ್ದಾಗಿದ್ದು, ಬರೆದವರ ದೋಷದಿಂದ ಪಂಪ್ ನಿಲ್ಲುತ್ತಿತ್ತು, ಬರೆದವರು ಈಗ ನಮ್ಮಲ್ಲಿ ಕೆಲಸದಲ್ಲಿ ಇಲ್ಲ.

ಕೆಲಸದಲ್ಲಿ ಇಲ್ಲ. ಬೇರೆ ಕಡೆ ಒಳ್ಳೆಯ ಪಗಾರ ಸಿಕ್ಕಿ ಹೋದವರ ಹಾಗೆ. ತೆಗೆದುಹಾಕಿದವರ ಹಾಗೆ. ಆ ವಾಕ್ಯದಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥ ಒಂದು ಶಬ್ದವೂ ಇಲ್ಲ. ಮಾಡಿದವರಿಗೆ ಅದು ಗೊತ್ತಿತ್ತು. ನಾನು ಜಗಳಕ್ಕೆ ನಿಲ್ಲಲಿಲ್ಲ. ಹಲಗೆಯ ಮುಂದೆ ಹೋಗಿ ಕುಳಿತೆ.

ಹೊಸ ಪ್ರೋಗ್ರಾಮಿನ ಚಿತ್ರವನ್ನು ನಾನೇ ಬರೆದೆ. ಕೆಂಪಾದ ವೃತ್ತಕ್ಕೆ ಬಾಣ ಹಾಕಿದೆ. ಟಾಕಿ ಖಾಲಿಯಿದ್ದು ಕರೆಂಟ್ ಬಂದರೆ ಕಾಯುವ ವೃತ್ತಕ್ಕೆ ಹೋಗಲಿ ಎಂದು. ಕಡ್ಡಿಗೆ ಒಂದು ಹೊಸ ವೃತ್ತ ಬರೆದೆ. ಪ್ರತಿ ವೃತ್ತಕ್ಕೂ ಒಂದು ಟಿಪ್ಪಣಿ ಬರೆಯಲು ಆ ಸಾಧನದಲ್ಲಿ ಜಾಗವಿದೆ. ಅವಳು ತನ್ನ ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಇಡುತ್ತಿದ್ದಳು. ಕಡ್ಡಿಯ ಕಾವಲಿನ ಬಳಿ 'ಇಂವಾ ಕಡ್ಡಿ ಹಾಕ್ಯಾನು, ನಂಬಬ್ಯಾಡ' ಎಂದಿತ್ತು. ಅದನ್ನೇ ಆ ಜಾಗದಲ್ಲಿ ಹಾಕಿದೆ. ಸಾಧನ ಪ್ರೋಗ್ರಾಮ್ ಬರೆದು ಕೊಟ್ಟಿತು. ಅದರ ತಲೆಯ ಮೇಲೆ ತಾನಾಗಿಯೇ ಒಂದು ಸಾಲು ಬರುತ್ತದೆ: ಇದನ್ನು ಯಂತ್ರ ಬರೆದಿದೆ, ಕೈಯಿಂದ ತಿದ್ದಬೇಡಿ. ಅವಳ ಮಾತು ಅದರ ಕೆಳಗೆಲ್ಲೋ, ಯಾರೂ ತೆರೆಯದ ಕಡೆ, ಇದೆ. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಬೇಸಿಗೆ ಶುರುವಾಗುವ ಮೊದಲು ಹೊಳೆದಂಡೆಗೆ ಹೋದೆ. ನೀರು ಬಿಡುವವನು ಟವೆಲ್ಲಿನಿಂದ ಕುರ್ಚಿ ಒರೆಸಿ ಕೂಡಿಸಿದ. "ಕೇಳಿ ಭಾಳ ಕೆಟ್ಟ ಅನಿಸ್ತರಿ," ಎಂದ. "ಫೋನ್ ಮಾಡೂಣು ಅಂದ್ರ, ಮಾಡೂದು ಯಾರಿಗಿ? ನನ್ನ ಕಡೆ ಇದ್ದದ್ದು ಅಕ್ಕಾರ ನಂಬರ ಒಂದ."

ಹೊಸ ಪ್ರೋಗ್ರಾಮ್ ಹಾಕಿದೆ. ಬಾಗಿಲಿಗೆ ಅಂಟಿಸಲು ಅಚ್ಚಾದ ಚಿತ್ರ ಕೊಟ್ಟಿದ್ದರು, ಹಳೆಯದನ್ನು ಅಳಿಸಬೇಕು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಮಾರ್ಕರಿನ ಅಕ್ಷರ ಥಿನ್ನರ್ ತಾಗಿದ ಕೂಡಲೇ ಬಿಡುತ್ತದೆ. ಕೈ ಬಲ ಹಾಕಬೇಕಾಗಲೇ ಇಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ಪಂಪ್ ಓಡಲಿಲ್ಲ. ಹಳದಿ ದೀಪ ಹತ್ತಿ ಕಾಯುತ್ತ ನಿಂತಿತು. ನಾನು ಗುಂಡಿಯ ಸಂದಿಯ ಕಡೆ ನೋಡಿದೆ. ಅವನು ಗಡ್ಡ ಕೆರೆದುಕೊಂಡ.

"ಇದೂ ನನ್ನ ನಂಬೂದಿಲ್ಲಲ್ರಿ!" ಎಂದು ಕಡ್ಡಿ ಕಿತ್ತು, ಮುಳ್ಳು ನೋಡಿ, ಗುಂಡಿ ಒತ್ತಿದ. ಪಂಪ್ ಓಡಿತು. "ಅಕ್ಕಾರದ ಥರಾನ ಐತಿ. ಯಾರು ಮಾಡಿದ್ದರಿ?"

"ಮಶೀನ್ ಬರದದ್ದು."

"ಮಶೀನ್?" ಅವನು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರ ನಾಳೆ ನಿಂತ್ರ ಯಾರಿಗಿ ಬೈಯೂದ್ರಿ? ಅಕ್ಕಾರಿಗಿ ಬೈದ್ರ ನಗತಿದ್ರು, ಮರದಿನಾ ಬರತಿದ್ರು. ಮಶೀನಿಗಿ ಬೈದ್ರ ಏನ್ ತಿಳಿತೈತ್ರಿ ಅದಕ್ಕ?"

"ನನಗ ಬೈರಿ," ಎಂದು ನನ್ನ ನಂಬರ್ ಕೊಟ್ಟೆ. ಅವನು ಹೆಸರು ಕೇಳಲಿಲ್ಲ. ತನ್ನ ಫೋನಿನಲ್ಲಿ ಅವಳ ಹೆಸರಿನಡಿಯಲ್ಲೇ, ಅವಳ ನಂಬರ್ ತೆಗೆದು, ನನ್ನದನ್ನು ಹಾಕಿಕೊಂಡ. ಮಾಡುವುದನ್ನು ನಾನು ನೋಡುತ್ತಿದ್ದೆ.

ಆಮೇಲೆ ಬೇಸಿಗೆ ಬಂತು, ಹೋಯಿತು. ಟಾಕಿ ಬೇಗ ಖಾಲಿಯಾಗುವ ದಿನಗಳು ಬಂದವು, ಕರೆಂಟ್ ತಡವಾಗಿ ಬರುವ ದಿನಗಳೂ ಬಂದವು. ಪಂಪ್ ಒಮ್ಮೆಯೂ ನಿಂತಿಲ್ಲ. ಎಲ್ಲ ಸರಿಯಾಗಿದೆ ಎಂಬುದಕ್ಕೆ ಗುರುತು ಇಷ್ಟೇ, ಆ ಊರಿನಿಂದ ನನಗೆ ಇವತ್ತಿನ ತನಕ ಒಂದೂ ಫೋನ್ ಬಂದಿಲ್ಲ.